ಬೀಳುವುದಕ್ಕೊಂದು ಅಂಗಿ

ಒಲೆಯಿಂದ ಪಾತ್ರೆ ಇಳಿಸಲು ಒಂದು ಮಸಿಬಟ್ಟೆ ಬೇಕಾಗಿ ಮೊನ್ನೆ ಅಂಗಡಿಯ ಚಿಂದಿಚೀಲಕ್ಕೆ ಕೈ ಹಾಕಿದೆ. ಸಿಕ್ಕಿದ್ದು ಗಿಳಿಹಸಿರು ಬಣ್ಣದ ಒಂದು ತೋಳು. ಎಳೆದರೆ ಮೊಳದುದ್ದ ಬರುವ, ಬಿಟ್ಟರೆ ಪಟ್ಟನೆ ಹಿಂದೆ ಸರಿದು ಗೇಣುದ್ದಕ್ಕೆ ನಿಲ್ಲುವ ಬಟ್ಟೆ. ಬಿಸಿ ಪಾತ್ರೆಗೆ ಅದು ಆಗುವುದಿಲ್ಲ, ಕರಗಿ ಬೆರಳಿಗೆ ಅಂಟುತ್ತದೆ. ಚೀಲಕ್ಕೆ ವಾಪಸು ಹಾಕುವ ಬದಲು ಅದನ್ನು ಮುಂಗೈಗೆ ಏರಿಸಿಕೊಂಡು ಕೂತೆ. ಆಗ ಗಿರಾಕಿಯೊಬ್ಬರು ಬಂದು, ಕೈಗೆ ಏನಾಯಿತೆಂದು ಕೇಳಿದರು. ಹೇಳಲು ಹೊರಟರೆ ಅವರ ಬಸ್ಸು ತಪ್ಪುತ್ತಿತ್ತು. ನಿಮಗೆ ಹೇಳುತ್ತೇನೆ.

ನಾನು ತಲ್ಲೂರಿನಲ್ಲಿ ಇಪ್ಪತ್ತೇಳು ವರ್ಷಗಳಿಂದ ಹೆಂಗಸರ ಬಟ್ಟೆ ಹೊಲಿಯುವವಳು. ನಮ್ಮ ಮನೆಯವರು ಇಪ್ಪತ್ತೈದು ಎನ್ನುತ್ತಾರೆ. ಅವರು ಬ್ರಹ್ಮಾವರದ ಒಂದು ಗ್ಯಾರೇಜಿನಲ್ಲಿ ಕೆಲಸಕ್ಕಿರುವವರು, ಎಲ್ಲದರ ವಯಸ್ಸನ್ನೂ ಸವೆತದ ಮೇಲೆ ಹೇಳುತ್ತಾರೆ. ಇಬ್ಬರಲ್ಲಿ ಯಾರು ಸರಿ ಎಂದು ನನಗೂ ಖಾತ್ರಿಯಿಲ್ಲ. ಹಳೆಯ ಸಂಗತಿಗಳನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಹೊಲಿಗೆಯವರು ನಂಬಲೂಬಾರದು. ಮದುವೆಯಾದಾಗ ಹೊಲಿಸಿದ ರವಿಕೆಯನ್ನು ಅಳತೆಗೆಂದು ತಂದಿಟ್ಟು ‘ಇದೇ ನನ್ನ ಅಳತೆ’ ಎನ್ನುವ ಎಷ್ಟು ಜನರನ್ನು ನಾನು ಕಂಡಿಲ್ಲ.

ಜಾರಿ ಬಿದ್ದ ಕಥೆಯನ್ನೇ ತೆಗೆದುಕೊಳ್ಳಿ. ಕುಂದಾಪುರದಿಂದ ಲೈನಿಂಗ್ ಬಟ್ಟೆಯ ಕಟ್ಟು ಹಿಡಿದು ಬಂದವಳು ತಲ್ಲೂರಿನಲ್ಲಿ ಬಸ್ಸಿನಿಂದ ಇಳಿಯುವಾಗ ಬಿದ್ದೆ. ಇಷ್ಟು ನಿಜ. ಉಳಿದದ್ದನ್ನು ನಾನು ಮೂರು ಬಗೆಯಲ್ಲಿ ಹೇಳಿದ್ದೇನೆ. ಮನೆಯವರಿಗೆ ಹೇಳಿದ್ದು, ಕಂಡಕ್ಟರ್ ಅವಸರದಲ್ಲಿ ಸೀಟಿ ಊದಿದ ಎಂದು. ಡಾಕ್ಟರಿಗೆ ಹೇಳಿದ್ದು, ಸೀರೆಯ ನೆರಿಗೆ ಹಿಮ್ಮಡಿಗೆ ಸಿಕ್ಕಿತು ಎಂದು. ಅಂಗಡಿಗೆ ಬಂದವರಿಗೆಲ್ಲ ಹೇಳಿದ್ದು, ಹಿಂದಿನವರು ನೂಕಿದರು ಎಂದು. ಮೂರನೆಯದನ್ನು ಹೆಚ್ಚು ಸಲ ಹೇಳಿದ್ದರಿಂದ ಈಗ ಬೆನ್ನಿನ ಮೇಲೆ ಆ ಕೈಯ ಐದು ಬೆರಳೂ ನೆನಪಿಗೆ ಬರುತ್ತವೆ. ಆದರೆ ಆ ದಿನ ನಾನು ಕೊನೆಗೆ ಇಳಿದವಳು. ನನ್ನ ಹಿಂದೆ ಯಾರೂ ಇರಲಿಲ್ಲ.

ಮೂಳೆ ಮುರಿಯಲಿಲ್ಲ. ಮಣಿಕಟ್ಟು ಉಳುಕಿ ಇಪ್ಪತ್ತು ದಿನ ಮೆಷಿನ್ನು ಮುಟ್ಟಲಿಲ್ಲ, ಅಷ್ಟೇ. ಆದರೆ ಆಮೇಲೆ ಇನ್ನೊಂದು ಶುರುವಾಯಿತು. ಬಸ್ಸಿನ ಮೆಟ್ಟಿಲು ಕಂಡರೆ ಕಾಲು ನಿಂತುಬಿಡುತ್ತಿತ್ತು. ಯಡ್ತರೆಯಲ್ಲಿ ತಮ್ಮನ ಮನೆಯಲ್ಲಿ ಅಮ್ಮ ಇದ್ದಾಳೆ, ಎಂಬತ್ತು ದಾಟಿದೆ. ವಾರ ಬಿಟ್ಟು ವಾರ ಭಾನುವಾರ ಅವಳಲ್ಲಿಗೆ ಹೋಗುತ್ತಿದ್ದವಳು ಮೂರು ತಿಂಗಳು ಹೋಗಲಿಲ್ಲ. ಮನೆಯವರು ಬೈಕಿನಲ್ಲಿ ಕರೆದುಕೊಂಡು ಹೋಗುತ್ತೇನೆಂದು ಹೊರಟರೆ ಒಂದು ಮೈಲಿಯೊಳಗೆ ಅವರ ಬೆನ್ನು ಗುದ್ದಿ ಇಳಿದುಬಿಟ್ಟೆ. ಬಿದ್ದದ್ದನ್ನು ಅಮ್ಮನಿಗೆ ಹೇಳಿರಲಿಲ್ಲ. ಮದುವೆಗಳ ಕಾಲ, ರವಿಕೆಗಳ ರಾಶಿ ಬಿದ್ದಿದೆ ಎಂದು ಸುಳ್ಳು ಹೇಳುತ್ತಿದ್ದೆ. ಒಂದು ದಿನ ಫೋನಿನಲ್ಲಿ ಅಮ್ಮ ಕೇಳಿದಳು:

“ಅಷ್ಟೆಲ್ಲ ಮದಿ ಆತಿದ್ರೆ ನಂಗ್ ಒಂದಾರೂ ಕಾಗ್ದ ಬಪ್ಪುದಲ್ದಾ ಹೆಣೆ? ನಾ ಇನ್ನೂ ಇದ್ದೆ ಅಂದೇಳಿ ಗೊತ್ತಿಲ್ಯಾ ಅವ್ರಿಗೆ?”

ನನಗೆ ನಗು ಬಂತು. ಫೋನ್ ಇಟ್ಟ ಮೇಲೆ ಬಂದದ್ದು ನಗುವಲ್ಲ.

ಚಿಕ್ಕವಳಿದ್ದಾಗ ಬೀಳುವುದಕ್ಕೆ ನಾನು ಹೆದರಿದವಳಲ್ಲ. ಯಡ್ತರೆಯ ಗುಡ್ಡದ ಗೇರುಮರದಿಂದ ಬಿದ್ದು ಲಂಗ ಹರಿದುಕೊಂಡು ಬಂದಾಗ ಅಮ್ಮ ಮೊದಲು ಲಂಗದ ಹರಿದ ಭಾಗವನ್ನು ಬೆಳಕಿಗೆ ಹಿಡಿದು ನೋಡಿ, ಆಮೇಲೆ ಮೊಣಕಾಲು ನೋಡಿದ್ದಳು. ನಾನು ಹೊಲಿಗೆಗೆ ಬರಲು ಅದೇ ಕಾರಣ ಎಂದು ಒಂದು ಕಡೆ ಭಾಷಣದಲ್ಲಿ ಹೇಳಿಯೂ ಇದ್ದೇನೆ, ಚಪ್ಪಾಳೆಯೂ ಬಿದ್ದಿದೆ. ತೊಂದರೆಯೆಂದರೆ ಆ ದಿನ ಮರದಿಂದ ಬಿದ್ದದ್ದು ತಾನೆಂದು ನನ್ನ ತಂಗಿಯೂ ಹೇಳುತ್ತಾಳೆ. ಮೊಣಕಾಲಿನ ಕಲೆ ಇಬ್ಬರಿಗೂ ಇದೆ. ಅವಳದು ನನ್ನದಕ್ಕಿಂತ ದೊಡ್ಡದು.

ಇರಲಿ. ಅಂಗಡಿಯ ಮೆಟ್ಟಿಲು ಇಳಿಯುವಾಗಲೂ ಗೋಡೆ ಹಿಡಿಯುತ್ತಿದ್ದ ಒಂದು ದಿನ ಪ್ರತಿಮಾ ಬಂದಳು. ಮೂರನೇ ಕ್ಲಾಸಿನಿಂದ ಅವಳ ಯೂನಿಫಾರ್ಮ್ ಹೊಲಿದವಳು ನಾನು. ಮುಂದೆ ಅಪ್ಪನ ಕ್ಯಾಂಟೀನ್ ಇದ್ದ ಮುಂಬೈಯಲ್ಲಿ ಕಾಲೇಜು ಓದಿ, ಅಲ್ಲೇ ಕುಸ್ತಿಯಂಥದ್ದೇನೋ ಕಲಿತು, ಈಗ ಊರಿಗೆ ಬಂದು ಹೆಂಗಸರಿಗೆ ಕಲಿಸುತ್ತೇನೆಂದು ಹೊರಟಿದ್ದಳು.

“ಎಂತ ಅಕ್ಕ, ಗ್ವಾಡಿ ಬೀಳ್ತ್ ಅಂದೇಳಿ ಹಿಡ್ಕಂಡದ್ದಾ?” ಎಂದಳು.

ನಾನು ಅವಳಿಗೆ, ಯಾಕೋ, ನಿಜ ಹೇಳಿದೆ. ನೂಕಿದ ಕೈ ಇಲ್ಲದ ನಿಜ.

“ನಮ್ ಕ್ಲಾಸಗೆ ಮೊದ್ಲ್ ಕಲ್ಸೂದೇ ಬೀಳೂಕೆ,” ಎಂದಳು. “ಹೊಡೂದ್ ಬಡೂದ್ ಎಲ್ಲ ಮತ್ತೆ. ಬನ್ನಿ ಅಕ್ಕ, ಆಯ್ತವಾರ ಸಂಜಿ ನಾಕ್ ಗಂಟಿಗೆ. ಒಂದ್ ಸರ್ತಿ ಸರೀ ಬಿದ್ರೆ ಮತ್ ಹೆದ್ರಿಕೆ ಇಲ್ಲೆ.”

ಅದರ ಹೆಸರು ಜಿಯು ಜಿಟ್ಸು ಎಂದಳು. ಅದರಲ್ಲಿ ಎರಡು ಬಗೆಯಂತೆ. ದಪ್ಪ ಕೋಟು ಹಾಕಿ ಆಡುವುದು ಒಂದು; ಆ ಕೋಟಿಗೆ ‘ಗಿ’ ಎನ್ನುತ್ತಾರೆ. ಇವಳು ಕಲಿಸುವುದು ಕೋಟು ಇಲ್ಲದ್ದು, ‘ನೋ ಗಿ’.

“ಹಿಡ್ಕಂಬುಕೆ ಬಟ್ಟಿ ಸಿಕ್ಕುಕಾಗ ಅಕ್ಕ. ಬರೀ ಮೈಯೇ ಹಿಡೀಕ್.”

ಹೆಂಗಸರ ಮೈ ಮುಚ್ಚಿಯೇ ಬದುಕಿದವಳಿಗೆ ಇದನ್ನು ಅರಗಿಸಿಕೊಳ್ಳಲು ಒಂದು ನಿಮಿಷ ಬೇಕಾಯಿತು. ಮನೆಯವರಿಗೆ ಹೇಳಿದೆ. ಅವರು ಮೀನಿನ ಮುಳ್ಳು ಬಿಡಿಸುತ್ತ, “ಇಷ್ಟ್ ದಿನ ಕಲೀದೆ ಬಿದ್ದಿ. ಇನ್ ಕಲ್ತ್ ಬೀಳ್ಕಾ?” ಎಂದರು. ಬೇಡ ಎನ್ನಲಿಲ್ಲ.

ಶುಕ್ರವಾರ ಪ್ರತಿಮಾಳ ಮೆಸೇಜು ಬಂತು. ಬಿಗಿ ಅಂಗಿ, ಬಿಗಿ ಪ್ಯಾಂಟು. ಜೇಬು, ಜಿಪ್ಪು, ಗುಂಡಿ, ಹುಕ್ಕು ಯಾವುದೂ ಇರಬಾರದು. ಮೈಮೇಲೆ ಚಿನ್ನ ಬೇಡ, ಪಿನ್ನು ಬೇಡ. ಉಗುರು ತೆಗೆದು ಬನ್ನಿ. ಕೊನೆಗೆ ಒಂದು ಸಾಲು: ಬೇಕಾದರೆ ನನ್ನ ಹತ್ತಿರ ಮುಂಬೈಯಿಂದ ತಂದ ರೆಡಿಮೇಡ್ ಅಂಗಿ ಇದೆ ಅಕ್ಕ, ನಿಮಗೆ ಆಗುತ್ತದೆ.

ಆ ಕೊನೆಯ ಸಾಲು ನನ್ನನ್ನು ಕೆಣಕಿತು. ತಲ್ಲೂರಿನ ಅರ್ಧ ಊರಿಗೆ ಬಟ್ಟೆ ಹೊಲಿದವಳು ರೆಡಿಮೇಡ್ ಹಾಕಿಕೊಂಡು, ಅದೂ ನನ್ನ ಗಿರಾಕಿಗಳ ಎದುರಿಗೆ ಹೋಗಿ ನಿಲ್ಲುವುದೇ? ಕುಂದಾಪುರಕ್ಕೆ ಹೋಗುವವರ ಹತ್ತಿರ ಹೇಳಿ ಎಳೆದರೆ ಹಿಗ್ಗುವ ಬಟ್ಟೆ ಎರಡು ಮೀಟರ್ ತರಿಸಿದೆ. ಬಣ್ಣ ಹೇಳಲು ಮರೆತಿದ್ದೆ. ಗಿಳಿಹಸಿರು ಬಂತು.

ಅಳತೆಗೆ ಕೂತಾಗ ಗೊತ್ತಾಯಿತು, ನನ್ನ ಅಳತೆ ನನ್ನ ಹತ್ತಿರ ಇಲ್ಲ. ಊರಿನವರ ಎದೆ, ಸೊಂಟ, ತೋಳೆಲ್ಲ ಪುಸ್ತಕದಲ್ಲಿದೆ. ನನ್ನದು ಮಾತ್ರ ಒಂದು ಹಳೆಯ ರವಿಕೆಯಲ್ಲಿದೆ. ಆ ರವಿಕೆಗೆ ಒಳಗೆ ಬಿಟ್ಟ ಬಟ್ಟೆಯನ್ನು ಎರಡು ವರ್ಷಕ್ಕೊಮ್ಮೆ ಬಿಚ್ಚಿ ಬಿಚ್ಚಿ, ಈಗ ಬಿಚ್ಚಲು ಏನೂ ಉಳಿದಿಲ್ಲ.

ಅಷ್ಟರಲ್ಲಿ ಗುಲಾಬಿ ಬಂದಳು. ಗುಲಾಬಿ ಗಂಗೊಳ್ಳಿಯವಳು, ದಿನಾ ಬೆಳಿಗ್ಗೆ ಸ್ಕೂಟರಿನಲ್ಲಿ ಮೀನು ತಂದು ನಮ್ಮಲ್ಲಿ ಮನೆಮನೆಗೆ ಮಾರುವವಳು. ಹತ್ತು ಗಂಟೆಗೆ ಬುಟ್ಟಿ ಖಾಲಿ ಮಾಡಿ ನನ್ನ ಅಂಗಡಿಯಲ್ಲಿ ಕೂತು ನೀರು ಕುಡಿದು ಹೋಗುವುದು ಅವಳ ಕ್ರಮ. ಅವಳ ಕೈಗೆ ಟೇಪು ಕೊಟ್ಟೆ.

“ಉಸ್ರ್ ಬಿಡಿ ಸರೋಜಕ್ಕ.”

“ಬಿಟ್ಟೆ.”

“ಹೊಟ್ಟಿ ಒಳ್ಗ್ ಎಳ್ಕಂಡ್ ಬಿಡೂದಲ್ಲ. ಹಂಗೇ ಬಿಡಿ. ಹಾಂ. ನಲ್ವತ್ತೆರ್ಡ್.”

“ಸುಳ್ಳ್.”

“ಟೇಪ್ ನಿಮ್ದೇ.”

ನಾನು ಮೂವತ್ತೆಂಟು ಎಂದು ಬರೆದುಕೊಂಡೆ. ಬಟ್ಟೆ ಹಿಗ್ಗುವುದಲ್ಲವೇ, ಉಳಿದ ನಾಲ್ಕು ಇಂಚು ಅದೇ ನೋಡಿಕೊಳ್ಳಲಿ.

ಮೆಸೇಜು ಓದಿ ಹೇಳಿದಾಗ ಗುಲಾಬಿಗೆ ಅದು ನನಗಿಂತ ಬೇಗ ತಿಳಿಯಿತು. “ಸರಿಯೇ ಅಲ್ದಾ,” ಎಂದಳು. “ನಮ್ ಅಪ್ಪಯ್ಯ ದೋಣಿ ಹತ್ತೂಕ್ ಮುಂಚೆ ಉಂಗ್ರ ತೆಗ್ದ್ ಅಬ್ಬೆ ಕೈಯಗೆ ಕೊಡ್ತಿದ್ದ. ಮೀನ್ ಬಲಿ ನೀರಿಗ್ ಓಡೂವಾಗ ಉಂಗ್ರ ಸಿಕ್ರೆ ಬೆರಳೇ ಹೋತ್. ಅಂಗಿ ಗುಂಡಿ ಸಿಕ್ರೆ ಮನ್ಷನೇ ಹೋತ.” ಸ್ವಲ್ಪ ಯೋಚಿಸಿ, “ನಾನೂ ಬತ್ತೆ,” ಎಂದಳು. “ನಂಗ್ ಬೀಳೂಕ್ ಬತ್ತ್. ಬೀಳ್ಸೂಕ್ ಕಲೀಕ್.”

ಆ ಶನಿವಾರ ನಾನು ಅಂಗಿ ಹೊಲಿದೆ. ಹೊಲಿದದ್ದು ನಾನು ಎನ್ನುವುದಕ್ಕಿಂತ ನನ್ನ ಕೈಗಳು ಎಂದರೆ ಸರಿ. ನೀವು ನಮ್ಮ ಕಸುಬಿನವರಲ್ಲದಿದ್ದರೆ ಇದು ನಿಮಗೆ ತಿಳಿಯಲಿಕ್ಕಿಲ್ಲ. ನಮ್ಮ ಕಡೆಯ ಹೆಂಗಸರು ರವಿಕೆಯ ಒಳಗೆ, ಎಡಗಡೆಗೆ, ಒಂದು ಗುಟ್ಟಿನ ಜೇಬು ಇಡಿಸಿಕೊಳ್ಳುತ್ತಾರೆ. ಕೇಳುವುದೂ ಇಲ್ಲ, ಹೇಳುವುದೂ ಇಲ್ಲ, ಇರುತ್ತದೆ. ಹೊಲಿದು ಮುಗಿಸಿ ನೋಡಿದರೆ ಈ ಅಂಗಿಯಲ್ಲೂ ಇತ್ತು. ಕುತ್ತಿಗೆಯ ಹಿಂದೆ ಒಂದು ಹುಕ್ಕೂ ಇತ್ತು. ಯಾವಾಗ ಇಟ್ಟೆ ಎಂಬ ನೆನಪೇ ಇಲ್ಲ. ಎರಡೂ ಪಕ್ಕಕ್ಕೆ, ಮುಂದೆ ದಪ್ಪಗಾದರೆ ಬಿಚ್ಚಲಿಕ್ಕೆಂದು, ಒಳಗೆ ಒಂದೊಂದು ಇಂಚು ಬಟ್ಟೆ ಬಿಟ್ಟಿದ್ದೆ. ಹುಕ್ಕು ಕಿತ್ತೆ, ಜೇಬು ಬಿಚ್ಚಿದೆ. ಬಿಟ್ಟ ಬಟ್ಟೆಯನ್ನು ಹಾಗೇ ಇಟ್ಟೆ. ಎಲ್ಲ ಹೊಲಿಗೆಯೂ ನೇರ, ಸಣ್ಣ, ಗಟ್ಟಿ; ಇಪ್ಪತ್ತೇಳು, ಅಥವಾ ಇಪ್ಪತ್ತೈದು, ವರ್ಷದಲ್ಲಿ ಒಬ್ಬರ ಬಟ್ಟೆಯೂ ಬಿಟ್ಟುಕೊಳ್ಳದ ಹೊಲಿಗೆ.

ಭಾನುವಾರ ಕನ್ನಡಿಯ ಎದುರು ನಿಂತಾಗ, ನಿಮ್ಮಲ್ಲಿ ಮುಚ್ಚುಮರೆ ಯಾಕೆ, ಎಳೆಯ ಬಾಳೆಎಲೆಯಲ್ಲಿ ಸುತ್ತಿದ ಕಡುಬಿನ ಹಾಗೆ ಕಂಡೆ. ಅಲ್ಲಲ್ಲಿ ಕಟ್ಟಿದ ದಾರವೊಂದು ಕಡಿಮೆ. ಮೇಲೆ ನೈಟಿ ಹಾಕಿದೆ. ನೈಟಿಯ ಮೇಲೆ ಮೈ ಒರೆಸುವ ಬೈರಾಸು ಹೊದ್ದೆ. ನಮ್ಮ ಕಡೆ ನೈಟಿಯ ಮೇಲೆ ಹೆಗಲಿಗೊಂದು ಬೈರಾಸು ಬಿದ್ದರೆ ಹೆಂಗಸು ಮರ್ಯಾದೆಯಿಂದ ಹೊರಗೆ ಹೊರಟಿದ್ದಾಳೆಂದೇ ಅರ್ಥ. ಹಾಗೆ ಅಂಗಡಿಗೆ, ಹಾಲಿನ ಡೈರಿಗೆ, ಬೇಕಾದರೆ ಪಕ್ಕದೂರಿಗೂ ಹೋಗಿಬರಬಹುದು.

ಕ್ಲಾಸು ಇದ್ದದ್ದು ಮುಚ್ಚಿಹೋದ ಒಂದು ಹಂಚಿನ ಕಾರ್ಖಾನೆಯ ಗೋದಾಮಿನಲ್ಲಿ. ಒಳಗೆ ನೀಲಿ ಮ್ಯಾಟು ಹಾಸಿತ್ತು. ಬಾಗಿಲಲ್ಲಿ ಪ್ರತಿಮಾಳ ಅಮ್ಮ ಕುರ್ಚಿ ಹಾಕಿ ಕೂತಿದ್ದರು, ಇಣುಕುವ ಗಂಡಸರನ್ನು ಓಡಿಸಲು ಮತ್ತು ಚಿನ್ನ ಕಾಯಲು. ನಾವು ಎಂಟು ಜನ. ನಾನು ನೈಟಿಯಲ್ಲಿ ಹೋಗಿದ್ದಕ್ಕೆ ನಾಚಿಕೊಳ್ಳಬೇಕಾಗಿರಲಿಲ್ಲ, ಯಾಕೆಂದರೆ ಎಂಟೂ ಜನ ನೈಟಿಯಲ್ಲೇ ಬಂದಿದ್ದರು. ಎಂಟು ಬೈರಾಸು. ರೇಷನ್ ಅಂಗಡಿ ತೆರೆಯುವುದನ್ನು ಕಾಯುವವರ ಹಾಗೆ ಗೋಡೆಗೆ ಒರಗಿ ಸಾಲಾಗಿ ಕೂತೆವು. ಕರಿಮಣಿ, ಬಳೆ, ಕಾಲುಂಗುರ ಬಿಚ್ಚಿ ಯಾರದು ಯಾವುದೆಂದು ಗುರುತು ಹೇಳಿ ಬಾಗಿಲಿನ ಅಮ್ಮನಿಗೆ ಒಪ್ಪಿಸುವುದಕ್ಕೇ ಕಾಲು ಗಂಟೆ ಹೋಯಿತು.

“ಹಂಗಾರೆ ಇನ್ ನೈಟಿ ತೆಗ್ದ್ ಬನ್ನಿ,” ಎಂದಳು ಪ್ರತಿಮಾ.

ಯಾರೂ ಏಳಲಿಲ್ಲ. ಒಬ್ಬಳಿಗೆ ಸೆಕೆಯಾಗುತ್ತಿತ್ತು, ಬೈರಾಸಿನಿಂದ ಗಾಳಿ ಹಾಕಿಕೊಂಡಳು. ಇನ್ನೊಬ್ಬಳು ತಲೆಯೆತ್ತಿ ಗೋದಾಮಿನ ಮಾಡು ನೋಡಿ, ಹಳೇ ಕಾಲದ ಹಂಚು ಎಂದು ಹೊಗಳಿದಳು. ಮಾಡು ಎಲ್ಲರೂ ನೋಡಿದೆವು.

“ಅಕ್ಕಂದಿರೇ, ಒಳ್ಗೆ ಹಾಯ್ಕಂಡಿದ್ರಿ ಅಲ್ದಾ?”

“ಹಾಯ್ಕಂಡಿತ್,” ಎಂದು ಎಂಟು ಜನ ಒಟ್ಟಿಗೆ ಹೇಳಿದೆವು.

“ಮತ್ ಎಂತ?”

ಆಗ ಗುಲಾಬಿ ಎದ್ದಳು. ಬುಟ್ಟಿಯ ಮೇಲಿನ ಗೋಣಿ ಎತ್ತಿದ ಹಾಗೆ ನೈಟಿಯನ್ನು ತಲೆಯ ಮೇಲಿಂದ ಎತ್ತಿ ಮೂಲೆಗೆ ಎಸೆದಳು. ಒಳಗೆ ಅವಳ ಮಗನ ಕಬಡ್ಡಿ ಟೀಮಿನ ಬನಿಯನ್ನು. ಬೆನ್ನ ಮೇಲೆ ಏಳನೇ ನಂಬರು, ಅದರ ಕೆಳಗೆ ಒಂದು ಬೋಟಿನ ಹೆಸರು.

“ಕಂಡ್ಕಣಿ ಎಲ್ರೂ,” ಎಂದಳು. “ಒಂದ್ ಸರ್ತಿ ಕಂಡ್ರೆ ಮುಗೀತ್. ದಿನಾ ಬೂತಾಯಿ ಮೀನ್ ಕಾಂತ್ರ್ಯಲ್ಲ, ಅದೂ ಬಟ್ಟಿ ಹಾಯ್ಕಂಡ್ ಬತ್ತಿಲ್ಲೆ.”

ಒಂದೊಂದಾಗಿ ನೈಟಿಗಳು ಬಿದ್ದವು. ನಾನು ಕೊನೆಯವಳು. ಗಿಳಿಹಸಿರು ಹೊರಗೆ ಬಂದಾಗ ಏಳೂ ಜನ ತಿರುಗಿ ನೋಡಿದರು.

“ನೀವೇ ಹೊಲ್ದದ್ದಾ ಅಕ್ಕ?” ಎಂದು ಪ್ರತಿಮಾ ಕೇಳಿದಳು. ಪಕ್ಕದ ಹೊಲಿಗೆಯನ್ನು ಎರಡು ಬೆರಳಿನಲ್ಲಿ ಸ್ವಲ್ಪ ಎಳೆದು ನೋಡಿದಳು. ಏನೋ ಹೇಳಲು ಹೊರಟು, “ಅಡ್ಡಿಲ್ಲೆ,” ಎಂದು ಬಿಟ್ಟಳು.

ಬೀಳುವುದನ್ನು ಕೂತಲ್ಲಿಂದ ಶುರು ಮಾಡಿಸಿದಳು. ಗದ್ದವನ್ನು ಎದೆಗೆ ಒತ್ತಬೇಕು, ಬೆನ್ನನ್ನು ಬಿಲ್ಲಿನಂತೆ ಬಾಗಿಸಿ ಹಿಂದಕ್ಕೆ ಉರುಳಬೇಕು, ಎರಡೂ ಅಂಗೈ ನೆಲಕ್ಕೆ ಬಡಿಯಬೇಕು. ಬೀಳುವಾಗ ಕೈ ಊರಬಾರದು. ಊರಿದರೆ ಮಣಿಕಟ್ಟು ಹೋಗುತ್ತದೆ. ಇದು ನನಗೆ ತಡವಾಗಿ ಸಿಕ್ಕಿದ ಮಾಹಿತಿ. ಉಳಿದ ಏಳು ಜನ ಧಡ್ ಧಡ್ ಎಂದು ಉರುಳಿದರು. ನಾನು ಕೂತಲ್ಲಿಂದ ಹಿಂದಕ್ಕೆ ವಾಲಿ, ಅರ್ಧಕ್ಕೆ ಹೋಗಿ, ಮೊಣಕೈ ಊರಿ ವಾಪಸು ಬಂದೆ. ಮತ್ತೆ ವಾಲಿದೆ, ಮತ್ತೆ ಬಂದೆ.

“ಬೀಳಿ ಅಕ್ಕ.”

“ಬೀಳ್ತೆ ಬೀಳ್ತೆ.”

ಬೀಳಲಿಲ್ಲ. ಒಂದು ಮೊಳ ಎತ್ತರದಿಂದ, ಮೆತ್ತನೆಯ ಹಾಸಿನ ಮೇಲೆ ಬೀಳಲಾಗದವಳು ಯಡ್ತರೆಗೆ ಹೇಗೆ ಹೋಗುತ್ತಾಳೆ? ಅಮ್ಮ ಇನ್ನೆಷ್ಟು ಮದುವೆಗಳ ಕಥೆ ಕೇಳಬೇಕು? ಎದ್ದು ನೈಟಿ ಹಾಕಿಕೊಂಡು ಹೋಗಿಬಿಡೋಣ ಎನಿಸಿತು. ಕಣ್ಣು ಮೂಲೆಯ ರಾಶಿಯಲ್ಲಿ ನನ್ನ ನೈಟಿ ಯಾವುದೆಂದು ಹುಡುಕುತ್ತಿತ್ತು.

ಆಮೇಲೆ ನಿಂತು ಆಡುವುದು. ಇಬ್ಬಿಬ್ಬರ ಜೋಡಿ, ನನಗೆ ಗುಲಾಬಿ. ಒಬ್ಬರನ್ನೊಬ್ಬರು ಹಿಡಿದು ಸುಮ್ಮನೆ ಅತ್ತ ಇತ್ತ ನಡೆಸಬೇಕು, ಅಷ್ಟೇ. ಎಲ್ಲರಿಗೂ ಒಂದೇ ಕಷ್ಟ, ಹಿಡಿಯುವುದು ಎಲ್ಲಿ? ಸೆರಗಿಲ್ಲ, ಕಾಲರಿಲ್ಲ, ಮೈ ಬೆವರಿ ಜಾರುತ್ತದೆ. ಗುಲಾಬಿ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು. ಆಮೇಲೆ ಸೀದಾ ಬಂದು ಬಲಗೈಯಿಂದ ನನ್ನ ಕತ್ತಿನ ಹಿಂದೆ, ತಲೆ ಸೇರುವಲ್ಲಿ, ಹಿಡಿದಳು. ನಾನು ಅಲ್ಲಾಡದಾದೆ.

ಪ್ರತಿಮಾ ಓಡಿ ಬಂದಳು. “ಹ್ವಾಯ್, ಇದ್ ಯಾರ್ ಕಲ್ಸದ್ದ್ ನಿಮ್ಗೆ? ಇದ್ ನಾ ಮುಂದಿನ್ ತಿಂಗ್ಳ್ ಕಲ್ಸೂಕಿತ್ತ್.”

“ಕಲ್ಸೂದ್ ಎಂತ ಇತ್ತ್? ಜಾರೂ ಮೀನ್ ನಡೂಕ್ ಹಿಡೀತ್ರಾ? ಕಿವ್ರಿನ್ ಹಿಂದೆ ಹಿಡೀಕ್,” ಎಂದಳು ಗುಲಾಬಿ. ಮಾತಾಡುತ್ತ ನನ್ನನ್ನು ಒಂದು ಸುತ್ತು ತಿರುಗಿಸಿದಳು. ನನ್ನ ಕಾಲಿಗೆ ಅವಳ ಕಾಲು ತಾಗಿತು.

ಟರ್ರ್ ಎಂದು ಸದ್ದಾಯಿತು.

ಉದ್ದನೆಯ ಸದ್ದು. ಯಾವ ಸದ್ದೆಂದು ಆ ಗೋದಾಮಿನಲ್ಲಿ ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಬಟ್ಟೆ ಹಿಗ್ಗಿತು, ನನ್ನ ನೂಲು ಹಿಗ್ಗಲಿಲ್ಲ. ಬಿಟ್ಟುಕೊಳ್ಳದ ಹೊಲಿಗೆ, ಬಿಟ್ಟುಕೊಡಬೇಕಾದ ಬಟ್ಟೆಯ ಮೇಲೆ. ಸುತ್ತ ನಿಂತವರಲ್ಲಿ ಆರು ಜನ ನನ್ನ ಗಿರಾಕಿಗಳು. ಒಬ್ಬಳ ಮಗಳ ಮದುವೆಯ ರವಿಕೆ ಆಗಷ್ಟೇ ಕತ್ತರಿಸಿ ಇಟ್ಟಿದ್ದೆ.

“ಯಾವ್ ಹೊಲ್ಗಿ ಹೋದ್ದ್?” ಎಂದು ಕೇಳಿದೆ.

“ಕಂಕ್ಳಡಿಂದ ಸೊಂಟ್ದ ತನ್ಕ,” ಎಂದಳು ಗುಲಾಬಿ. ಅವಳ ಮುಖ ತುಂಬ ಮೇಲೆ ಕಾಣುತ್ತಿತ್ತು. ಅವಳ ಹಿಂದೆ ಹಳೇ ಕಾಲದ ಹಂಚು ಕಾಣುತ್ತಿತ್ತು.

“ಅಕ್ಕಾ,” ಎಂದಳು ಪ್ರತಿಮಾ ಮೆತ್ತಗೆ. “ಬಿದ್ರಿ.”

“ಯಾರ್?”

“ನೀವ್. ಲಾಯ್ಕ್ ಮಾಡಿ ಬಿದ್ರಿ. ಗದ್ದ ಒಳ್ಗೇ ಇತ್ತ್. ಎರ್ಡೂ ಕೈ ಬಡ್ದ್ರಿ.”

ಅಂಗೈ ನೋಡಿಕೊಂಡೆ. ಕೆಂಪಗಾಗಿ ಉರಿಯುತ್ತಿದ್ದವು. ಬಡಿದದ್ದು ನೆನಪಿರಲಿಲ್ಲ, ಆ ಹೊತ್ತಿಗೆ ನಾನು ಹೊಲಿಗೆಯ ಚಿಂತೆಯಲ್ಲಿದ್ದೆ. ಹಾಗಾಗಿ ನನ್ನ ಬದುಕಿನ ಅತ್ಯಂತ ಒಳ್ಳೆಯ ಬೀಳುವಿಕೆಗೆ ನಾನು ಸಾಕ್ಷಿಯಲ್ಲ. ಅವರು ಹೇಳಿದ್ದನ್ನು ನಂಬಬೇಕು.

ಕೂಡಲೇ ಆರು ಕಡೆಯಿಂದ ಆರು ಪಿನ್ನುಗಳು ಬಂದವು. ಚಿನ್ನ ಒಪ್ಪಿಸಿದ್ದ ಹೆಂಗಸರು ನೈಟಿಯ ಒಳಗೆ ಚುಚ್ಚಿದ್ದ ಪಿನ್ನನ್ನು ಯಾರಿಗೂ ಒಪ್ಪಿಸಿರಲಿಲ್ಲ. ಪ್ರತಿಮಾ ಆರನ್ನೂ ಕಿತ್ತುಕೊಂಡು ಬಾಗಿಲಿಗೆ ಕಳಿಸಿದಳು. ಬ್ಯಾಗಿನಿಂದ ಮುಂಬೈಯ ಅಂಗಿ ತೆಗೆದು ನನ್ನ ಮುಂದೆ ಹಿಡಿದಳು. ಬೈರಾಸುಗಳ ಮರೆಯಲ್ಲಿ ಅದನ್ನು ಹಾಕಿಕೊಂಡೆ. ಹಾಕುವ ಮುಂಚೆ ಒಳಗು ಹೊರಗು ಮಾಡಿ ನೋಡಿದೆ. ಒಳಗೆ ಬಿಟ್ಟ ಬಟ್ಟೆ ಒಂದು ಎಳೆಯೂ ಇಲ್ಲ. ನಾಲ್ಕು ನೂಲಿನ ಹೊಲಿಗೆ, ಹಾವಿನಂತೆ ಹೋಗಿದೆ, ಎಳೆದರೆ ಬಟ್ಟೆಯ ಜೊತೆಗೇ ಬರುತ್ತದೆ. ಹೊಲಿದವರು ಯಾರೋ, ಎಲ್ಲಿಯವರೋ, ಕಸುಬು ಬಲ್ಲವರು.

ಆ ದಿನ ಇನ್ನೂ ಹನ್ನೊಂದು ಸಲ ಬಿದ್ದೆ. ಇದನ್ನು ಲೆಕ್ಕ ಹಿಡಿದವಳು ಗುಲಾಬಿ. ಅವಳ ಪ್ರಕಾರ ಎಲ್ಲವೂ ಅವಳೇ ಬೀಳಿಸಿದ್ದು.

ಮುಂದಿನ ಭಾನುವಾರ ಬೆಳಿಗ್ಗೆ ಮನೆಯವರು ಬಸ್ ಸ್ಟಾಪಿನ ತನಕ ಬಂದು, ಹತ್ತಿಸಿ, ಬಸ್ಸು ಹೊರಟ ಮೇಲೂ ನಿಂತಿದ್ದರು. ಕಿಟಕಿಯಲ್ಲಿ ಕಂಡಿತು. ಯಡ್ತರೆ ಬರುವ ತನಕ ನಾನು ಹೊರಗೆ ಏನು ನೋಡಿದೆನೋ ಗೊತ್ತಿಲ್ಲ.

“ಹ್ವಾಯ್ ಅಕ್ಕಾ, ಯಡ್ತರೆ ಇಳೂದಾ? ಬೇಗ ಬೇಗ,” ಎಂದ ಕಂಡಕ್ಟರ್.

ಕಾಲು ನಿಂತಿತು. ಅದು ನಿಂತೇ ನಿಲ್ಲುತ್ತದೆ ಎಂದು ಗೊತ್ತಿತ್ತು. ಬಿದ್ದರೆ ಬೀಳೋಣ ಎಂದು ಗದ್ದವನ್ನು ಎದೆಗೆ ಒತ್ತಿದೆ, ಬೆನ್ನು ಬಾಗಿಸಿದೆ, ಅಂಗೈ ಅಗಲ ಮಾಡಿದೆ. ಒಂದು ಕಾಲು ನೆಲಕ್ಕೆ ತಾಗಿತು. ಇನ್ನೊಂದೂ ತಾಗಿತು. ಬಸ್ಸು ಧೂಳೆಬ್ಬಿಸಿಕೊಂಡು ಬೈಂದೂರಿನತ್ತ ಹೋಯಿತು. ನಾನು ನಿಂತೇ ಇದ್ದೆ. ಹೇಳಿದರೆ ನಗಬೇಡಿ, ಸ್ವಲ್ಪ ನಿರಾಶೆಯಾಯಿತು.

ತಮ್ಮನ ಮನೆ ಸ್ಟಾಪಿನ ಎದುರಿಗೇ. ಅಮ್ಮ ಗೇಟಿನ ಕಂಬ ಹಿಡಿದು ನಿಂತಿದ್ದವಳು ನಿಧಾನಕ್ಕೆ ರಸ್ತೆಯ ಅಂಚಿನ ತನಕ ಬಂದಳು. ನಾನು ಇನ್ನೂ ಗದ್ದ ಒತ್ತಿಕೊಂಡು ಕೈ ಅಗಲಿಸಿಯೇ ನಿಂತಿದ್ದೆ.

“ಎಂತಾ ಹೆಣೆ, ಕುತ್ಗಿ ನೋವಾ?”

“ಇಲ್ಲೆ ಅಮ್ಮ. ಬೀಳೂಕ್ ಹೊರ್ಟದ್ದ್. ಆಯ್ಲಿಲ್ಲ.”

ಅಮ್ಮ ನನ್ನನ್ನು ಕಾಲಿನಿಂದ ತಲೆಯ ತನಕ ನೋಡಿದಳು. ಮೂರು ತಿಂಗಳ ಮೇಲೆ ನೋಡುವ ನೋಟ. ಆಮೇಲೆ ಮುಂಗೈ ಹಿಡಿದು ಎಳೆದಳು.

“ಮತ್ತೆ ಬೀಳ್ಲಕ್,” ಎಂದಳು. “ಮೊದ್ಲ್ ಬಾ, ಉಂಬ.”